ಜೀವ ಉಳಿಸಲು ಹೋಗಿ ಪಟ್ಟ ಫಜೀತಿ

ನರ್ಸ್ ಆಗಿ ದುಡಿದಷ್ಟು ವರ್ಷವೂ ನನಗೆ ಇದೇ ಆಯಿತು, ಅಳಬೇಕಾದ ಹೊತ್ತಿಗೆ ಯಾರಾದರೂ ನಗಿಸಿಬಿಡುತ್ತಿದ್ದರು. ಕೈತಪ್ಪಿ ಹೋದವರೇ ಹೆಚ್ಚು. ಅವರ ಮಾತು ನನ್ನಿಂದ ಆಗದು. ಬದುಕಿ ಉಳಿದ ಮೂವರದ್ದಷ್ಟೇ ಹೇಳುತ್ತೇನೆ.

ಎರಡು ಇಟ್ಟಿಗೆ

ಎಪ್ಪತ್ತರ ದಶಕ. ಖಾನಾಪುರ ತಾಲೂಕಿನ ಸಣ್ಣದೊಂದು ದವಾಖಾನೆಯಲ್ಲಿದ್ದೆ. ಕಣಕುಂಬಿ ಕಡೆಯಿಂದ ಒಬ್ಬ ಬಾಣಂತಿಯನ್ನು ಜೀಪಿನಲ್ಲಿ ತಂದರು. ರಕ್ತ ವಿಪರೀತ ಹೋಗಿ ಮೈ ತಣ್ಣಗಾಗಿತ್ತು, ನಾಡಿ ಸಿಗುತ್ತಿರಲಿಲ್ಲ. ಡಾಕ್ಟರು ಶಾಕ್ ಆಗಿದೆ ಎಂದು ಸಲಾಯಿನ್ ಹಚ್ಚಿದರು. ಗಂಡ ನನ್ನನ್ನು ಬಾಜೂಕ ಕರೆದು, ನಮ್ಮೂರಿಗೆ ಇನ್ನೂ ಕರೆಂಟೇ ಬಂದಿಲ್ಲ, ಡಾಕ್ಟರಿಗೆ ಹೇಳಿರಿ ಎಂದ.

ರಕ್ತ ಬೆಳಗಾವಿಯಿಂದ ಬರಬೇಕಿತ್ತು. ಅಲ್ಲಿಯವರೆಗೆ ಇದ್ದಷ್ಟು ರಕ್ತ ತಲೆಯ ಕಡೆ ಇಳಿಯಲೆಂದು ಮಂಚದ ಕಾಲ್ದೆಸೆಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿದೆ. ನಾನು ಆಚೆ ತಿರುಗಿದರೆ ಸಾಕು, ಸೊಸೆಯ ತಲೆ ಕೆಳಗಾಯಿತೆಂದು ಅತ್ತೆ ಅವನ್ನು ತೆಗೆದು ತಲೆಯ ಕಡೆ ಇಡುತ್ತಿದ್ದಳು. ಮೂರು ಸಲ ಹೀಗಾಯಿತು. ಬೇಡಿಕೊಂಡೆ, ಬೈದೆ. ಕಡೆಗೆ ಕೈಸೋತು, ಇವು ಸರಕಾರಿ ಇಟ್ಟಿಗೆ, ಅಲುಗಿದರೆ ಕೇಸಾಗುತ್ತದೆ ಎಂದುಬಿಟ್ಟೆ. ಮುದುಕಿ ಅವುಗಳ ಪಕ್ಕದಲ್ಲೇ ಕುಳಿತಳು. ರಕ್ತ ಬಂದ ಮೇಲೆ ಮಂಚ ಸರಿಸಲು ಹೋದ ಡಾಕ್ಟರ ಕೈಯನ್ನೂ ಹಿಡಿದಳು.

"ಮುಟ್ಟಬ್ಯಾಡ್ರಿ, ಅವು ಸರಕಾರದವು ಅದಾವ."

ಬೀಗ

ಅದೇ ದವಾಖಾನೆಗೆ ಜೇನು ಬಿಡಿಸುವವನೊಬ್ಬನನ್ನು ತಂದರು, ಹುಳುಗಳು ಮುತ್ತಿ ಕಚ್ಚಿದ್ದವು. ಮುಖ ಬಾತು ಉಸಿರು ಕಟ್ಟುತ್ತಿತ್ತು. ಅಡ್ರಿನಲಿನ್ ಸೂಜಿ ಒಂದೇ ದಾರಿ. ಅದು ಕಪಾಟಿನಲ್ಲಿ, ಕಪಾಟಿನ ಕೀಲಿ ಕಂಪೌಂಡರನ ಕಿಸೆಯಲ್ಲಿ, ಕಂಪೌಂಡರ್ ಹಿಂಡಲಗಾದಲ್ಲಿ, ತಂಗಿಯ ಮನೆಯಲ್ಲಿ. ಕಣ್ಣೆದುರಿಗೆ ಜೇನಿನವನ ತುಟಿ ಕಪ್ಪಾಗುತ್ತಿತ್ತು. ಒರಳಿನ ಗುಂಡು ಹೊತ್ತು ತಂದು ಬೀಗ ಒಡೆದೆ. ಸೂಜಿ ಚುಚ್ಚಿ, ಅವನು ಉಸಿರೆಳೆದಾಗ ನಾನೂ ಎಳೆದೆ.

ವಾರದಲ್ಲೇ ಬೆಳಗಾವಿಯ ಮೇಲಿನ ಕಚೇರಿಯಿಂದ ಕಾಗದ ಬಂತು, ಬೀಗ ಒಡೆದದ್ದೇಕೆ ಎಂದು. ಮನುಷ್ಯ ಉಳಿದನೇ ಎಂದು ಯಾರೂ ಕೇಳಲಿಲ್ಲ. ನಡೆದದ್ದನ್ನು ಬರೆದು, ಕೀಲಿ ಯಾವಾಗಲೂ ಕೈಗೆ ಸಿಗುವಂತಿರಲಿ ಎಂದು ಬೇಡಿಕೊಂಡೆ. ಅವರಿಗೆ ಸರಿ ಅನಿಸಿತು. ಗಟ್ಟಿಮುಟ್ಟಾದ ಹೊಸ ಬೀಗ ಕಳಿಸಿದರು. ಕೀಲಿ ಕಳೆಯಬಾರದೆಂದು ಅದನ್ನು ಮಾತ್ರ ಬೆಳಗಾವಿಯಲ್ಲೇ ಇಟ್ಟುಕೊಂಡರು.

ಎದೆಯ ಮೇಲೆ ಕುಂತವರು

ಮುಂದೆ ನನಗೆ ಬೆಳಗಾವಿಗೇ ವರ್ಗವಾಯಿತು. ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರು, ವಯಸ್ಸಾದವರು, ದವಾಖಾನೆಯ ಚೀಟಿ ಮಾಡಿಸುವ ಸಾಲಿನಲ್ಲೇ ಕುಸಿದರು. ಎದೆಬಡಿತ ನಿಂತಿತ್ತು. ಡಾಕ್ಟರು ಅಲ್ಲೇ ನೆಲದ ಮೇಲೆ ಎದೆ ಒತ್ತತೊಡಗಿದರು. ಉಸಿರು ತುಂಬುವ ಚೀಲ ಹರಿದಿತ್ತು. ಬಾಯಿಗೆ ಅರಿವೆ ಹಾಕಿ ನಾನೇ ಊದಿದೆ. ಒಳಗೇನೋ ಲಟಕ್ಕೆಂದಿತು. ಡಾಕ್ಟರು ಬಿಡಲಿಲ್ಲ. ಇಬ್ಬರೂ ಬೆವರಿ ತೊಯ್ದು, ಇನ್ನು ಮುಗಿಯಿತು ಎಂದು ಒಬ್ಬರ ಮುಖ ಒಬ್ಬರು ನೋಡುವಾಗ ನಾಡಿ ಹತ್ತಿತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ಮೂರನೆಯ ದಿನ ವ್ಯಾಪಾರಿಗಳು ನನ್ನನ್ನು ಕರೆದರು. ಹೊಗಳುತ್ತಾರೆ ಎಂದುಕೊಂಡೆ. ಬಂದಾಗ ತಮ್ಮ ಪಕ್ಕೆಲುಬೆಲ್ಲ ನೆಟ್ಟಗಿದ್ದವು, ಈಗ ಎರಡು ಮುರಿದಿವೆ ಎಂದು ದೂರಿದರು.

"ಖರೇ ಹೇಳ್ರಿ ನರ್ಸ್ ಬಾಯಾರ, ನನ್ನ ಎದಿ ಮ್ಯಾಲ ಯಾರು ಕುಂತಿದ್ರು?"

ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದರು:

"ನಲವತ್ತು ವರ್ಷ ನಾ ಕೈ ತಡಕೊಂಡಿದ್ದೆ ನೋಡ್ರಿ. ಕಡೀಕ ಆ ಕೆಲಸ ಡಾಕ್ಟ್ರ ಕೈಯಿಂದ ಆತು. ಅವ್ರಿಗೆ ಪುಣ್ಯಾ ಬರಲಿ."