ಅತ್ತೆಯ ಮೂರನೇ ಡೋಸು

ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರುಗಳೂ ಹೆದರುವ ಒಂದೇ ಒಂದು ಜೀವವೆಂದರೆ ನನ್ನ ಸೋದರತ್ತೆ! ಚನ್ನಗಿರಿ ಕಡೆಯ ಆ ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವರು ಹಿರಿಯ ನರ್ಸು, ನಾನು ಕಿರಿಯಳು. ಬೇರೆಯವರು ಎದುರಾದರೆ "ಊಟ ಆಯ್ತಾ?" ಎನ್ನುತ್ತಾರೆ. ಅತ್ತೆ ಕೇಳುವುದು, "ಮೂರನೇದು ಆಯ್ತಾ?" ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸು, ಮತ್ತೇನು! ಎರಡು ಚುಚ್ಚಿಸಿಕೊಂಡು, ಆರನೇ ತಿಂಗಳಿನ ಮೂರನೆಯದನ್ನು ಮರೆಯುವುದರಲ್ಲಿ ನಾವು ಆಸ್ಪತ್ರೆಯವರು ಎತ್ತಿದ ಕೈ.

ಕೆರೆಬಿಳಚಿಯಿಂದ ಹೊಸದಾಗಿ ಕೆಲಸಕ್ಕೆ ಬಂದ ಆಯಾಗೂ ಮೊದಲ ದಿನವೇ ಈ ಪ್ರಶ್ನೆ ಬಿತ್ತು. ಆಕೆ ನಾಚಿ, ಸೆರಗು ಬಾಯಿಗೆ ಒತ್ತಿಕೊಂಡು, "ಇಲ್ರೀ ಅಕ್ಕಾರೆ, ಎರಡಕ್ಕೇ ಆಪರೇಷನ್ ಮಾಡಿಸ್ಕಂಡೀನಿ" ಎಂದಳು!

"ನನಗೇನೂ ಆಗಲ್ಲ ಸಿಸ್ಟರ್" ಎಂದು ನುಣುಚಿಕೊಳ್ಳಲು ನೋಡಿದ ಯುವ ಡಾಕ್ಟರರನ್ನಾದರೂ ಬಿಟ್ಟರೇ? "ಡಾಕ್ಟ್ರು ಅಂತ ರೋಗ ನಮಸ್ಕಾರ ಹೊಡೆದು ವಾಪಸ್ ಹೋಗ್ತೈತೇನ್ರಿ? ತೋಳು ಏರ್‍ಸ್ರಿ!" ಪಾಪ, ಏರಿಸಿದರು.

ಇನ್ನು ನನ್ನ ಕಥೆ ಕೇಳಿ. ನನ್ನ ಮೂರನೇ ಡೋಸಿನ ದಿನವೇ ನಿಶ್ಚಿತಾರ್ಥ. ತಪ್ಪಿಸಿಕೊಂಡೆ ಅಂದುಕೊಂಡಿದ್ದೆ. ಅತ್ತೆ ಐಸ್ ತುಂಬಿದ ನೀಲಿ ಡಬ್ಬಿ ಹಿಡಿದು ಸಂತೇಬೆನ್ನೂರಿನ ನಮ್ಮ ಮನೆಗೇ ಬಂದರು. ಹುಡುಗನ ತಾಯಿ, "ಐಸ್‌ಕ್ರೀಮ್ ತರಾಕೆ ನೀವ್ಯಾಕೆ ತ್ರಾಸ ತಗೊಂಡ್ರಿ?" ಎಂದು ಉಪಚಾರದ ಮಾತಾಡುವಷ್ಟರಲ್ಲಿ ನನ್ನನ್ನು ಅಡುಗೆಮನೆಗೆ ಎಳೆದು, ರೇಷ್ಮೆ ರವಿಕೆಯ ತೋಳು ಮೇಲೇರಿಸಿ ಚುಚ್ಚಿಯೇಬಿಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡು ಹೊರಬಂದ ನನ್ನನ್ನು ನೋಡಿ ಗಂಡಿನ ಕಡೆಯವರು, "ಪಾಪ, ತವರು ಬಿಡಾಕೆ ಈಗ್ಲೇ ಸಂಕಟ" ಎಂದು ಕರಗಿಹೋದರು!

ಹೋದ ತಿಂಗಳು ಒಬ್ಬ ಬಾಣಂತಿಗೆ ಇಂಜೆಕ್ಷನ್ ಕೊಟ್ಟು ತಿರುಗುವಾಗ ಅದೇ ಸೂಜಿ ನನ್ನ ಬೆರಳಿಗೆ ಚುಚ್ಚಿತು. ಆಕೆಯ ರಿಪೋರ್ಟಿನಲ್ಲಿ ಹೆಪಟೈಟಿಸ್ ಬಿ ಇತ್ತು. ಅತ್ತೆ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆದರು, ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಮರುದಿನ ಡಾಕ್ಟರು ನನ್ನ ರಿಪೋರ್ಟ್ ನೋಡಿ, "ಲಸಿಕೆ ಚೆನ್ನಾಗಿ ಕೆಲಸ ಮಾಡಿದೆ, ಹೆದರಬೇಡಿ" ಎಂದರು.

ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡೆ. "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು ಅತ್ತೆ! ನೀವು ಯಾವಾಗ ಹಾಕಿಸ್ಕೊಂಡ್ರಿ?"

"ನಾನು ಹಾಕಿಸ್ಕೊಂಡಿಲ್ಲ ಕಣೆ" ಎಂದರು ಅತ್ತೆ, ಎಲ್ಲೋ ನೋಡುತ್ತಾ. "ನಾನು ಕೆಲಸಕ್ಕೆ ಸೇರಿದಾಗ ಹಿಂಗೆ ಬೆನ್ನು ಹತ್ತಿ ಕೇಳೋರು ಯಾರೂ ಇರ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಆ ರೋಗ ನನ್ನೊಳಗೆ ಬಂದು ಕೂತಿತ್ತು. ದಿನಾ ಒಂದು ಗುಳಿಗೆ ನುಂಗ್ತೀನಿ, ಅಷ್ಟೆ."

ಅದು ಬಿಪಿ ಗುಳಿಗೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅವರ ಕೈ ಹಿಡಿದುಕೊಂಡೆ.

"ಹೋಗು, ಅಲ್ಲಿ ಬಾಣಂತಿ ಕರೀತಿದಾಳೆ" ಎಂದರು. ಕೈ ಮಾತ್ರ ಬಿಡಲಿಲ್ಲ.