ಮಾತಾಡಿಸಲು ಬಂದ ವಿಡಿಯೋ

ಚುನಾವಣೆ ಹತ್ತಿರ ಬಂದಾಗ ಮನುಷ್ಯ ಸಾಯಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ಸತ್ತವರಿಗೇನು, ಅವರು ಪಾರಾದರು; ಉಳಿದವರು ವಿಡಿಯೋದಲ್ಲಿ ಬರಬೇಕಾಗುತ್ತದೆ. ನಮ್ಮಪ್ಪ ಬೆಟಗೇರಿಯಲ್ಲಿ ಜೀವಮಾನವಿಡೀ ಸೀರೆ ನೇಯ್ದವರು. ಫೋಟೋ ತೆಗೆಸಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟಪಡುತ್ತಿದ್ದರು. ಇದ್ದದ್ದು ಒಂದೇ ಫೋಟೋ. ಅದಕ್ಕೆ ಹಾರ ಹಾಕಿ ಪಡಸಾಲೆಯಲ್ಲಿ ಕುರ್ಚಿಯ ಮೇಲಿಟ್ಟಿದ್ದೆವು. ಅವ್ವ ಅದರ ಪಕ್ಕ ಬಿಟ್ಟು ಏಳುತ್ತಿರಲಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರು ಮಾತಾಡುವುದೇ ಕಡಿಮೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಹೋಗುವಾಗ ‘ಬರ್ತೀನಿ’ ಎನ್ನದೆ ಎದ್ದು ಹೋಗುತ್ತಾರೆ. ಅಂಥ ಕಾರಣಕ್ಕೆ ಮತ್ತೆ ಬರುವ ಪ್ರಸಂಗ ಯಾರಿಗೂ ಬೇಡ. ನಮ್ಮ ಕ್ಷೇತ್ರದ ಅಭ್ಯರ್ಥಿಗಳೊಬ್ಬರು ಮಾತ್ರ ಮೊಬೈಲು ಹಿಡಿದ ದಂಡು ಕಟ್ಟಿಕೊಂಡು ಬಂದರು. ಅವ್ವನಿಗೆ ಕೈ ಮುಗಿದರು. ‘ಸಾಹೇಬ್ರ, ಮಾರಿ ಕಾಣವಲ್ದು, ಇನ್ನೊಮ್ಮೆ ಮುಗೀರಿ’ ಎಂದ ವಿಡಿಯೋದವನು. ಇನ್ನೊಮ್ಮೆ ಮುಗಿದರು. ‘ಅವ್ವಾರ, ನೀವು ಸ್ವಲ್ಪ ಕಣ್ಣೀರು ಒರಸ್ಕೋರಿ.’ ಅವ್ವ ಆಗ ಅಳುತ್ತಿರಲಿಲ್ಲ. ಆದರೂ ಬಂದವರ ಮಾತು ಮೀರಬಾರದೆಂದು ಸೆರಗನ್ನು ಕಣ್ಣಿಗೆ ಮುಟ್ಟಿಸಿದಳು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಹೊರಡುವಾಗ ಅಭ್ಯರ್ಥಿಗಳು ಪ್ರಚಾರದ ರೂಢಿಯಲ್ಲಿ ಕೈ ಎತ್ತಿ, ‘ಮತ್ತ ಬರ್ತೀನ್ರಿ, ಆಶೀರ್ವಾದ ಇರಲಿ’ ಎಂದುಬಿಟ್ಟರು. ಎಂಬತ್ತು ದಾಟಿದ ಪಕ್ಕದ ಮನೆಯ ಕಾಕಾ ನನ್ನ ಕಿವಿಯಲ್ಲಿ, ‘ಮತ್ತ ಯಾಕ ಬರ್ತಾರಪಾ? ಇನ್ನ ಪಾಳಿ ನಂದ ಐತಿ’ ಎಂದರು.

ಸಂಜೆಯೊಳಗೆ ವಿಡಿಯೋ ಗದಗಿನಿಂದ ಮುಂಡರಗಿಯವರೆಗೆ ಎಲ್ಲರ ಮೊಬೈಲಿಗೂ ಬಂತು. ಹಿಂದೆ ಶಹನಾಯಿ, ಮೇಲೆ ‘ನೇಕಾರರ ಮನೆಮಗ’ ಎಂಬ ಅಕ್ಷರ, ಕೆಳಗೆ ಪಕ್ಷದ ಚಿಹ್ನೆ. ಹಮ್ಮಿಗಿಯ ಸೋದರಮಾವ ಫೋನು ಮಾಡಿ, ‘ನಮ್ಮ ಊರಾಗೂ ಎಲ್ಲಾರೂ ನೋಡ್ಯಾರಪಾ’ ಎಂದ. ನಾನು ಸಿಟ್ಟಿನಿಂದಲೇ ಮತ್ತೆ ಮತ್ತೆ ನೋಡಿದೆ. ಸಿಟ್ಟು ಬಂದರೂ ವಿಡಿಯೋ ನೋಡುವುದು ನಿಲ್ಲುವುದಿಲ್ಲ ನೋಡಿ. ಅವ್ವ ‘ನನಗೂ ತೋರಸು’ ಎಂದಳು. ಅಪ್ಪನನ್ನು ಊರವರೆಲ್ಲ ಒಮ್ಮೆ ನೋಡಲಿ ಎಂಬ ಆಸೆ ಅವಳಿಗಿತ್ತು. ಕನ್ನಡಕ ಹಾಕಿಕೊಂಡು ಕೊನೆತನಕ ನೋಡಿದಳು. ಮತ್ತೊಮ್ಮೆ ಹಚ್ಚು ಎಂದಳು.

‘ಅಲ್ಲೋ, ನಿಮ್ಮಪ್ಪಾರು ಎಲ್ಲದಾರೋ ಇದರಾಗ?’

ಅಭ್ಯರ್ಥಿಗಳೇ ಅಡ್ಡ ನಿಂತಿರಬೇಕೆಂದು ಬಯ್ಯಲು ಬಾಯಿ ತೆರೆದವನು, ಮೊಬೈಲನ್ನು ಹತ್ತಿರ ಹಿಡಿದು ನೋಡಿದೆ. ಅವರು, ಪಾಪ, ಒಂದು ಬದಿಗೇ ಇದ್ದರು. ಅಪ್ಪನ ಫೋಟೋಗೆ ಅಡ್ಡವಾಗಿ ಕಾಲರು ಸರಿಮಾಡಿಕೊಳ್ಳುತ್ತ ನಿಂತವನು ನಾನು.

‘ಇರ್ಲಿ ಬಿಡಪಾ’ ಎಂದಳು ಅವ್ವ, ಕನ್ನಡಕ ತೆಗೆಯುತ್ತ. ‘ನಿನ್ನ ಮಾರಿ ಛಲೋ ಬಂದೈತಿ.’