ಸಾಹುಕಾರರ ಸಕ್ಕರೆ ಇಳಿದದ್ದು

ರಕ್ತ ತೆಗೆಯುವುದು ನನ್ನ ಕೆಲಸ. ಆದರೆ ಹುಮನಾಬಾದಿನ ಗಂಡಸರು ನನಗೆ ರಕ್ತಕ್ಕಿಂತ ಹೆಚ್ಚಾಗಿ ಕೊಟ್ಟಿರುವುದು ನೆಪಗಳನ್ನು. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು ಹಿಡಿದು ಬಂದು ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬನಾದರೂ ಬಂದು ನಿಂತಿರುತ್ತಾನೆ. ಅವನಿಂದ ಮೊದಲು ಹೆಂಡದ ವಾಸನೆ ಬರುತ್ತದೆ, ಆಮೇಲೆ ಮಾತು. ಇಷ್ಟು ವರ್ಷವಾದರೂ ಇಂಥದ್ದು ನಿಂತಿಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ನನಗೆ ನಗು ಬರುತ್ತದೆ, ಮೈ ಉರಿಯುತ್ತದೆ. ಎಷ್ಟೋ ಸಲ ಎರಡೂ ಒಟ್ಟಿಗೇ.

೧. ಖಾಲಿ ಹೊಟ್ಟೆ

ಮುಡಬಿ ಕಡೆಯ ಒಬ್ಬ ರೈತ ಸಕ್ಕರೆ ಪರೀಕ್ಷೆಗೆ ಬಂದಿದ್ದ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಕುರ್ಚಿಯಲ್ಲಿ ಕೂತು ಕೈ ಚಾಚಿದ. ದಾರೂ ವಾಸನೆ ಗಪ್ಪೆಂದು ನನ್ನ ಮೂಗಿಗೆ ಬಡಿಯಿತು.

“ಖಾಲಿ ಹೊಟ್ಟೀಲೆ ಬಂದೀರೇನು?”

“ಹೌದ್ರಿ ಮೇಡಂ. ನಿನ್ನಿ ಮಧ್ಯಾಹ್ನದಿಂದ ಒಂದು ತುತ್ತು ಸೈತ ತಿಂದಿಲ್ಲ.”

“ಮತ್ತ ಈ ವಾಸನಿ?”

“ಅದಾ? ಮುಂಜಾನೆ ಒಂದು ಸ್ವಲ್ಪ ತಗೊಂಡೀನ್ರಿ. ಸೂಜಿ ಅಂದ್ರ ನನಗ ಅಂಜಿಕಿ.”

“ಹಂಗಂದ್ರ ಹೊಟ್ಟಿ ಖಾಲಿ ಹ್ಯಾಂಗ ಆಯ್ತು?”

ಅವನು ನನ್ನ ಓದು ಬರಹದ ಬಗ್ಗೆ ಮರುಕಪಟ್ಟವನಂತೆ ನೋಡಿದ. “ಮೇಡಂ, ಅದು ಹೊಟ್ಟಿಯೊಳಗ ನಿಲ್ಲೂದಿಲ್ರಿ. ಸೀದಾ ತಲಿಗಿ ಹೋಗ್ತದ.”

೨. ಗೋದಾಮು

ಇನ್ನು ನಮ್ಮ ಸಾಹುಕಾರರ ವಿಷಯ. ಧಾನ್ಯದ ಮಾರುಕಟ್ಟೆಯಲ್ಲಿ ಅವರದು ಅಡತಿ ಅಂಗಡಿ, ರೈತರ ಮಾಲು ಮಾರಿಸಿ ಕಮಿಷನ್ ಪಡೆಯುವ ವ್ಯಾಪಾರ. ಸಕ್ಕರೆ ಕಾಯಿಲೆ ಹಳೆಯದು, ದಾರೂ ಅದಕ್ಕಿಂತ ಹಳೆಯದು. ಸಂಜೆಯಾದರೆ ಹೆದ್ದಾರಿಯ ಧಾಬಾದಲ್ಲಿ ಗೆಳೆಯರ ಜೊತೆ ಕೂರುತ್ತಾರೆ. ಗೆಳೆಯರು ರೊಟ್ಟಿ ಮುರಿಯುತ್ತಾರೆ, ಇವರು ಮುಟ್ಟುವುದಿಲ್ಲ. ಕೇಳಿದರೆ “ಡಯಟ್” ಅನ್ನುತ್ತಾರೆ.

ಒಂದು ದಿನ ಹೆಂಡತಿ ಅವರನ್ನು ಎಳೆದುಕೊಂಡೇ ಲ್ಯಾಬಿಗೆ ಬಂದರು. ಗಂಡನ ರಿಪೋರ್ಟು ಕೆಟ್ಟದಾಗಿ ಬರಲಿ, ಅದನ್ನು ನೋಡಿಯಾದರೂ ಕುಡಿತ ಬಿಡಲಿ ಎಂದು ಆ ತಾಯಿ ದೇವರಿಗೆ ಬೇಡಿಕೊಂಡು ಬಂದಿದ್ದರು. ರಿಪೋರ್ಟು ಬಂತು. ಎಪ್ಪತ್ತೆಂಟು! ಯಾವ ರೋಗವೂ ಇಲ್ಲದ ನನಗೇ ಅದಕ್ಕಿಂತ ಜಾಸ್ತಿ ಇದೆ.

ಸಾಹುಕಾರರು ಮೀಸೆಯ ಮೇಲೆ ಕೈಯಾಡಿಸಿದರು. “ನೋಡಿದೇನು? ಗುಳಿಗಿ ನುಂಗಿದಾಗ ನೂರೈವತ್ತು ಇತ್ತು. ಇದು ಯಾವುದರ ಪುಣ್ಯ ಹೇಳು!”

ಹೆಂಡತಿ ನನ್ನ ಮುಖ ನೋಡಿದರು. “ತಂಗಿ, ನಿನ್ನ ಮಷೀನ್ ಕೆಟ್ಟದೇನವ್ವಾ?”

ಮಷೀನು ಕೆಟ್ಟಿರಲಿಲ್ಲ. ಅಡತಿಯವರಿಗೆ ತಿಳಿಯುವ ಹಾಗೆ ಹೇಳೋಣವೆಂದು ಕೂತೆ.

“ಸಾಹುಕಾರ್ರೆ, ಲಿವರ್ ಅಂದ್ರ ಒಂದು ಗೋದಾಮ್ ಇದ್ದಂಗ. ನೀವು ಉಂಡಾಗ ಒಂದಿಷ್ಟು ಸಕ್ಕರಿ ಅದರಾಗ ಹಾಕಿ ಇಡ್ತದ. ಉಪಾಸ ಇದ್ದಾಗ ಅದನ್ನ ಸ್ವಲ್ಪ ಸ್ವಲ್ಪ ರಕ್ತಕ್ಕ ಬಿಡ್ತದ. ಅದು ತೀರಿದ್ರ ಹೊಸಾ ಸಕ್ಕರಿ ತಯಾರ್ ಮಾಡ್ತದ. ಆದ್ರ ದಾರೂ ಬಂತಂದ್ರ ಹಮಾಲರೆಲ್ಲ ಕೈಯಾಗಿನ ಕೆಲಸ ಬಿಟ್ಟು ಅದನ್ನ ಹೊರಗ ಹಾಕೂದಕ್ಕ ಓಡ್ತಾರ. ಹೊಸಾ ಸಕ್ಕರಿ ಮಾಡೋರು ಯಾರೂ ಇಲ್ಲ. ನೀವು ಊಟಾನೂ ಮಾಡೂದಿಲ್ಲ, ಗೋದಾಮಿಗಿ ಹೊಸಾ ಮಾಲೂ ಬರೂದಿಲ್ಲ. ಅದಕ್ಕ ಮುಂಜಾನೆ ಸಕ್ಕರಿ ಕಡಿಮಿ ಬಂದದ. ಇದು ವಾಸಿ ಆಗಿದ್ದಲ್ಲ, ಗೋದಾಮ್ ಖಾಲಿ ಆಗಿದ್ದು. ಇದರ ಮ್ಯಾಲೆ ಏನೂ ತಿನ್ನದೇ ಗುಳಿಗಿನೂ ನುಂಗಿದ್ರಿ ಅಂದ್ರ ಒಂದು ದಿನ ನಿಂತಲ್ಲೇ ಬೀಳ್ತೀರಿ.”

ಅವರು ಬಹಳ ಗಂಭೀರವಾಗಿ ಕೇಳಿದರು. ನನಗೂ ಆಸೆ ಹುಟ್ಟಿತು. ಹಾಗೆಯೇ ಮುಂದುವರಿದು, “ಬೇಕಂದ್ರ ಇನ್ನೊಂದು ಪರೀಕ್ಷೆ ಅದ. ಹೋದ ಮೂರು ತಿಂಗಳ ಸಕ್ಕರಿ ಹ್ಯಾಂಗಿತ್ತು ಅಂತ ಪೂರಾ ಗೊತ್ತಾಗ್ತದ. ಮಾಡಲೇನು?” ಎಂದೆ.

ಸಾಹುಕಾರರು ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಬ್ಯಾಡ್ರಿ ಮೇಡಂ. ಆಗಿ ಹೋಗಿದ್ದನ್ನ ಯಾಕ ಕೆದಕಬೇಕು?”

೩. ಸ್ಪಿರಿಟ್

ಆ ಎಪ್ಪತ್ತೆಂಟರ ಸುದ್ದಿ ಮಾರುಕಟ್ಟೆಯಲ್ಲಿ ಹಬ್ಬಲು ಒಂದು ವಾರವೂ ಹಿಡಿಯಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಕುಡಿದು, ಉಪವಾಸ ಮಲಗಿದರೆ ಸಕ್ಕರೆ ಪಾಸು! ಡಾಕ್ಟರು ಓದಿದ್ದೆಲ್ಲ ದಂಡವಾಯಿತು.

ಆಮೇಲೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ತಪಾಸಣೆಗೆ ನನ್ನನ್ನು ಕರೆದರು. ಸಕ್ಕರೆ ಜಾಸ್ತಿ ಇದ್ದವರನ್ನು ಯಂತ್ರದ ಕೆಲಸದಿಂದ ತೆಗೆದು ಬೇರೆ ಕಡೆ ಹಾಕುತ್ತಾರಂತೆ ಎಂದು ಯಾರೋ ಗುಲ್ಲೆಬ್ಬಿಸಿದ್ದರು. ಸರಿ, ಇಡೀ ಪಾಳಿ ಸಾಹುಕಾರರ ಔಷಧಿ ತೆಗೆದುಕೊಂಡೇ ಬಂದಿತ್ತು. ಸಾಲಾಗಿ ನಿಂತವರಲ್ಲಿ ಒಬ್ಬನ ಕಣ್ಣು ಕೆಂಪು, ಒಬ್ಬನಿಗೆ ಬಿಕ್ಕಳಿಕೆ, ಮತ್ತೊಬ್ಬ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಒಂದು ತಮಾಷೆಯೆಂದರೆ, ಸಕ್ಕರೆ ಕಾಯಿಲೆ ಇಲ್ಲದವರೂ ಮುಂಜಾಗ್ರತೆಗೆಂದು ಕುಡಿದು ಬಂದಿದ್ದರು.

ಹೊಸದಾಗಿ ಬಂದ ಡಾಕ್ಟರು ಒಳಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡು ನನ್ನನ್ನು ಗದರಿಸಿದರು. “ಏನಮ್ಮಾ, ಕೈ ಒರೆಸಲು ಇಷ್ಟೊಂದು ಸ್ಪಿರಿಟ್ ಬಳಸ್ತಾರಾ?”

“ಸರ್,” ಎಂದೆ, “ನಾನು ಬಾಟಲಿ ಇನ್ನೂ ತೆಗೆದಿಲ್ಲ.”

೪. ತಜ್ಞರ ಅಭಿಪ್ರಾಯ

ಇದು ನಮ್ಮ ಬಸವಕಲ್ಯಾಣದ್ದು. ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಇದ್ದಾರೆ. ಪೂಜೆಯಿಲ್ಲದೆ ನೀರೂ ಕುಡಿಯದ ಮನುಷ್ಯ. ಅವರಿಗೂ ಸಕ್ಕರೆ ಕಾಯಿಲೆ. ಒಂದು ಸೋಮವಾರ ಉಪವಾಸ ಹಿಡಿದವರು ಗುಳಿಗೆಯನ್ನು ಮಾತ್ರ ನುಂಗಿ ಹೊರಟುಬಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನಾನು ನೋಡಿದಾಗ ಕಾಲು ತಡವರಿಸುತ್ತಿದ್ದವು, ಮಾತು ತೊದಲುತ್ತಿತ್ತು, ಕೈಯಲ್ಲಿದ್ದ ಚೀಲ ಎಲ್ಲೋ ಬಿದ್ದಿತ್ತು.

ಸುತ್ತ ಜನ ಸೇರಿಬಿಟ್ಟರು. “ಮಾಸ್ತರೂ ಶುರು ಮಾಡ್ಯಾರ!” ಎಂದು ಒಬ್ಬ ನಕ್ಕ. ಇನ್ನೊಬ್ಬ ಮೊಬೈಲು ಹಿಡಿದು ನಿಂತ. ಅವರಿಂದಲೇ ಅಕ್ಷರ ಕಲಿತವರೂ ಅಲ್ಲಿದ್ದರು. ಒಬ್ಬನಾದರೂ ಕೈ ಹಿಡಿದು ಕೂರಿಸಲಿಲ್ಲ. ನನಗೆ ಎಲ್ಲರ ಕಪಾಳಕ್ಕೂ ಒಂದೊಂದು ಬಿಡಬೇಕೆನಿಸಿತು.

ನಾನು ಗುಂಪಿನಲ್ಲಿ ನುಗ್ಗಿ ಹತ್ತಿರ ಹೋಗುವಷ್ಟರಲ್ಲಿ ಬೆಂಚಿನ ಮೇಲೆ ಮಲಗಿದ್ದ ನಮ್ಮೂರಿನ ಖಾಯಂ ಕುಡುಕ ಎದ್ದು, ಜನರನ್ನು ಸರಿಸಿ ಬಂದ. ಮಾಸ್ತರರ ಹಣೆ ಮುಟ್ಟಿದ, ಬಾಯಿಯ ಹತ್ತಿರ ಮೂಗು ಹಿಡಿದ, ತಲೆ ಅಲ್ಲಾಡಿಸಿದ.

“ಇವರು ಕುಡಿದಿಲ್ರಿ. ಮೈ ತಣ್ಣಗ ಬೆವರ್ಯದ, ಕೈ ನಡಗಾಕತ್ಯಾವ. ಇದು ಬ್ಯಾರೆನೇ ಅದ. ಚಾದ ಅಂಗಡಿಯಿಂದ ಸಕ್ಕರಿ ತರ್ರಿ, ಲಗೂ!”

ಅವನು ಹೇಳಿದ್ದು ಅಕ್ಷರಶಃ ಸರಿ: ಸಕ್ಕರೆ ತೀರ ಇಳಿದವರೂ ಕುಡಿದವರಂತೆಯೇ ತೂರಾಡುತ್ತಾರೆ. ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದೆ, ಸ್ವಲ್ಪ ಹೊತ್ತಿನಲ್ಲಿ ಮಾಸ್ತರರು ಚೀಲ ಎಲ್ಲಿ ಎಂದು ಕೇಳಿದರು. ನಾನು ಆ ಕುಡುಕನನ್ನು ಕೇಳಿದೆ: “ನಿನಗ ಹ್ಯಾಂಗ ಗೊತ್ತಾಯ್ತು?”

ಅವನು ಎದೆಯುಬ್ಬಿಸಿದ. “ನಮ್ಮ ಲೈನ್ ಅದ ಮೇಡಂ. ನಮ್ಮವರು ಯಾರು, ಅಲ್ಲದವರು ಯಾರು ಅಂತ ಗೊತ್ತಾಗೂದಿಲ್ಲೇನು?”

೫. ಪೂರಾ ವಾಸಿ

ಸಾಹುಕಾರರ ವಿಷಯದಲ್ಲಿ ನನಗೊಂದು ಅಳುಕು ಉಳಿದೇ ಇತ್ತು. ಆ ಎಪ್ಪತ್ತೆಂಟರ ರಿಪೋರ್ಟಿನ ಕೆಳಗೆ ಇದ್ದದ್ದು ನನ್ನ ಸಹಿ. ಅದನ್ನು ತೋರಿಸಿ ತೋರಿಸಿ ಅವರು ಮನೆಯಲ್ಲಿ ಹೆಂಡತಿಯ ಬಾಯಿ ಮುಚ್ಚಿಸಿದ್ದರು. ಆಕೆ ಹೋರಾಡಿ ಗೆದ್ದದ್ದು ಒಂದೇ ವಿಷಯದಲ್ಲಿ: ಬೆಳಿಗ್ಗೆಯ ಗುಳಿಗೆಯನ್ನು ತಾನೇ ಎದುರು ನಿಂತು ನುಂಗಿಸುತ್ತಿದ್ದರು.

ತೊಗರಿಯ ಹಂಗಾಮು. ಸಂಜೆ ಧಾಬಾದಲ್ಲಿ ಯಥಾಪ್ರಕಾರ “ಡಯಟ್” ಆಗಿತ್ತು. ಬೆಳಿಗ್ಗೆ ಗುಳಿಗೆ ನುಂಗಿದರು, ತಿಂಡಿಗೆ ಪುರುಸೊತ್ತಿಲ್ಲವೆಂದು ಹಾಗೇ ಅಂಗಡಿಗೆ ಹೋದರು. ಹನ್ನೊಂದು ಗಂಟೆಗೆ ಹೆಂಡತಿಯ ಫೋನು ಬಂತು. “ತಂಗಿ, ಲಗೂ ಅಂಗಡಿಗಿ ಬಾ. ಬಿದ್ದಾರ.”

ನಾನು ಗ್ಲೂಕೋಮೀಟರ್ ಹಿಡಿದು ಓಡಿದೆ. ಸಾಹುಕಾರರು ತೊಗರಿ ಚೀಲಗಳ ಮೇಲೆ ಅಡ್ಡಬಿದ್ದಿದ್ದರು. ಅಂಗಿ ಬೆವರಿಗೆ ತೊಪ್ಪೆಯಾಗಿತ್ತು. ಧಾಬಾದ ಗೆಳೆಯರೆಲ್ಲ ಸುತ್ತ ನಿಂತು ಚಿಕಿತ್ಸೆಯಲ್ಲಿ ತೊಡಗಿದ್ದರು. ಒಬ್ಬರು ಲಿಂಬು ನೀರಿನ ಲೋಟ ಹಿಡಿದಿದ್ದರು.

“ನಿನ್ನೀದು ಇನ್ನಾ ಇಳಿದಿಲ್ರಿ ಮೇಡಂ. ಅದಕ್ಕ ಲಿಂಬು ಕುಡಸಾಕತ್ತೇವಿ.”

“ಸಕ್ಕರಿ ಹಾಕೀರೇನು?”

“ಛೇ ಛೇ! ಸಾಹುಕಾರ್ರಿಗಿ ಸಕ್ಕರಿ ಬ್ಯಾನಿ ಅದ. ಅಷ್ಟೂ ತಿಳಿಯೂದಿಲ್ಲೇನು ನಮಗ?”

ಬೆರಳಿಗೆ ಚುಚ್ಚಿ ನೋಡಿದೆ. ಮೂವತ್ತನಾಲ್ಕು. “ಸಕ್ಕರಿ ತರ್ರಿ!” ಎಂದು ಕೂಗಿದರೆ ಗೆಳೆಯರು ನನ್ನನ್ನೇ ಕೊಲೆಗಾರ್ತಿಯಂತೆ ನೋಡಿದರು. ಹೆಂಡತಿ ಮಾತ್ರ ಎದುರಿನ ಕಿರಾಣಿ ಅಂಗಡಿಗೆ ಓಡಿ, ಮುಷ್ಟಿ ತುಂಬ ಸಕ್ಕರೆ ತಂದರು. ಪ್ರಜ್ಞೆ ಅರೆಬರೆ ಇದ್ದುದರಿಂದ ಕುಡಿಸುವುದು ಬೇಡವೆಂದೆ. ಆಕೆ ಗಂಡನನ್ನು ಪಕ್ಕಕ್ಕೆ ಹೊರಳಿಸಿ, ಕೆನ್ನೆಯ ಒಳಗೆ ಬೆರಳಿನಿಂದ ಸಕ್ಕರೆ ತಿಕ್ಕುತ್ತಲೇ ಆಟೋದಲ್ಲಿ ಆಸ್ಪತ್ರೆಯವರೆಗೂ ಬಂದರು. ದಾರಿಯುದ್ದಕ್ಕೂ ಅಳುತ್ತಿದ್ದರು, ಬಯ್ಯುತ್ತಲೂ ಇದ್ದರು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ಸಾಹುಕಾರರು ಕಣ್ಣು ಬಿಟ್ಟು, ತಾರಸಿ ನೋಡಿದರು, ಬಾಟಲಿ ನೋಡಿದರು, ನನ್ನನ್ನು ನೋಡಿದರು.

“ಮೇಡಂ, ಎಷ್ಟು ಬಂದಿತ್ತು?”

“ಮೂವತ್ತನಾಲ್ಕು.”

ಅವರ ಮುಖ ಅರಳಿತು. ಏಳಲಾರದ ಮನುಷ್ಯ ಮೊಣಕೈ ಊರಿ ಎದ್ದು ಹೆಂಡತಿಯ ಕಡೆ ತಿರುಗಿದರು. “ಕೇಳಿದೇನು? ಮೂವತ್ತನಾಲ್ಕು! ನನ್ನ ಸಕ್ಕರಿ ಬ್ಯಾನಿ ಪೂರಾ ವಾಸಿ ಆಯ್ತು!”

ಹೆಂಡತಿ ಸೆರಗಿನಿಂದ ಅವರ ಗಲ್ಲಕ್ಕೆ ಅಂಟಿದ್ದ ಸಕ್ಕರೆ ಒರೆಸಿದರು.

“ಪೂರಾ ಎಲ್ಲಾಯ್ತುರಿ? ಇನ್ನೊಂದು ಇಪ್ಪತ್ತು ಇಳಿಬೇಕಿತ್ತು. ಆಮ್ಯಾಲ ನಿಮಗ ಯಾವ ಬ್ಯಾನಿನೂ ಇರ್ತಿದ್ದಿಲ್ಲ.”